ಸರಿಯುತ್ತರಕ್ಕೆ ಅಂಜುವ ಉಜ್ವಲಾಬಾಯಿ

ತಪ್ಪು ಕಂಡರೆ ಮುಖ ಗಂಟಿಕ್ಕುವ ಅಧ್ಯಾಪಕರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಾನೂ ಅದೇ ಪಂಗಡದವನು. ಆದರೆ ಸರಿಯುತ್ತರ ಕಂಡ ಕೂಡಲೇ ಬಣ್ಣಗೆಡುವವರನ್ನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡದ್ದು, ಅವರು ನಮ್ಮ ಉಜ್ವಲಾಬಾಯಿ. ವಿದ್ಯಾರ್ಥಿಯೊಬ್ಬ ಏದುಸಿರು ಬಿಡುತ್ತ ಬಂದು "ಮ್ಯಾಡಂ, ಬರೋಬರಿ ಬಂತ್ರಿ" ಎಂದನೋ, ಅವರು ಕನ್ನಡಕವನ್ನು ಹಣೆಯ ಮೇಲೇರಿಸಿ, ಬಲಗೈಯನ್ನು ಅಡ್ಡ ಹಿಡಿದು, "ಥಾಂಬ್ರಿ. ಬರೋಬರಿ ಯಾಕ ಬಂತು?" ಎಂದು ಕೇಳುತ್ತಿದ್ದರು. ನಿಲ್ಲು ಎಂಬುದಕ್ಕೆ ಮರಾಠಿಯ ಮಾತು, ಅದರ ಬಾಲಕ್ಕೆ ಕನ್ನಡದ ಮರ್ಯಾದೆ; ನಿಪ್ಪಾಣಿಯ ಆಸುಪಾಸಿನಲ್ಲಿ ಬೆಳೆದ ನಾಲಿಗೆಗೆ ಇದೇನೂ ವಿಶೇಷವಲ್ಲ. ವಿಶೇಷವಿದ್ದದ್ದು ಆ ಪ್ರಶ್ನೆಯಲ್ಲಿ. ಉತ್ತರ ತಪ್ಪಿದ್ದರೆ ಅವರ ಮುಖ ಅರಳುತ್ತಿತ್ತು, ಕುರ್ಚಿ ಎಳೆದು ಕೂಡ್ರಿಸಿ ಚಹಾ ತರಿಸುತ್ತಿದ್ದರು. ಸರಿಯಿದ್ದರೆ ಆ ಹುಡುಗನ ಮಧ್ಯಾಹ್ನವೆಲ್ಲ ವಿಚಾರಣೆಯಲ್ಲಿ ಕಳೆಯುತ್ತಿತ್ತು. ಸರಿಯುತ್ತರ ತಂದವನು ಕಳ್ಳನಂತೆ ತಲೆ ತಗ್ಗಿಸಿ ನಿಂತಿರುವುದನ್ನು ನೋಡಬೇಕೆಂದರೆ ಅವರ ಕೋಣೆಗೇ ಹೋಗಬೇಕಾಗಿತ್ತು.

ನಾನು ಅವರಿದ್ದ ಇಂಜಿನಿಯರಿಂಗ್ ಕಾಲೇಜಿನಲ್ಲೇ ವಾರಕ್ಕೊಂದು ತಾಸು ಕನ್ನಡ ಕಲಿಸುತ್ತಿದ್ದವನು. ಯಂತ್ರ ಕಲಿಯಲು ಬಂದ ಹುಡುಗರಿಗೆ ಕನ್ನಡದ ತಾಸೆಂದರೆ ಮಧ್ಯಾಹ್ನದ ನಿದ್ದೆಗೆ ವಿಶ್ವವಿದ್ಯಾಲಯ ದಯಪಾಲಿಸಿದ ಸವಲತ್ತು. ಹೀಗೆ ಯಾರಿಗೂ ಬೇಡವಾದ ವಿಷಯ ಕಲಿಸುವವನಿಗೂ, ಅಷ್ಟೇ ಬೇಡವಾಗಿದ್ದ ಇನ್ನೊಂದು ವಿಷಯ ಕಲಿಸುತ್ತಿದ್ದ ಉಜ್ವಲಾಬಾಯಿಗೂ ಸ್ನೇಹ ಬೆಳೆದದ್ದು ಸಹಜವೇ. ನನ್ನ ಕಿಟಕಿಯಿಂದ ನೋಡಿದರೆ ಗೇಟಿನಿಂದ ಪ್ರಯೋಗಾಲಯದವರೆಗಿನ ದಾರಿಯಲ್ಲಿ ಅವರು ಬರುವುದು ಕಾಣುತ್ತಿತ್ತು: ಕುಳ್ಳಗಿನ ಗಟ್ಟಿಮುಟ್ಟಾದ ಮೈ, ನೆಲ ನೋಡುತ್ತ ಚಿಕ್ಕ ಚಿಕ್ಕ ಹೆಜ್ಜೆ ಹಾಕುವ ನಡಿಗೆ, ನಡುವೆ ಏನೋ ನೆನಪಾದಂತೆ ತಟಕ್ಕನೆ ನಿಂತು ಹಿಂದಿರುಗಿ ಬಂದ ದಾರಿಯನ್ನೊಮ್ಮೆ ನೋಡುವುದು, ಮತ್ತೆ ನಡೆಯುವುದು. ಮೈಮೇಲೆ, ನೂಲಿನ ಸೀರೆಯ ಮೇಲೆ, ಮೊಣಕಾಲಿನವರೆಗೆ ಇಳಿಯುವ ಕರಿನೀಲಿ ಉಣ್ಣೆಯ ಗಂಡಸರ ಕೋಟು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಆ ಕೋಟು ಅವರನ್ನು ಬಿಟ್ಟದ್ದಿಲ್ಲ. ಗುಂಡಿಗಳು ಹಿತ್ತಾಳೆಯವು, ಕೆಳಗಿನದೊಂದು ಮಾತ್ರ ಬಿದ್ದುಹೋಗಿ, ಅದರ ಜಾಗದಲ್ಲಿ ಅಂಗಿಯ ಬಿಳಿ ಗುಂಡಿ ಕೂತಿತ್ತು.

ಆ ಕೋಟು ತಂದೆಯದು. ತಂದೆ ಧೂಳಪ್ಪನವರು ರಾಯಬಾಗ ರೈಲು ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಹಳಿಗಳು ಕವಲೊಡೆಯುವ ಜಾಗದಲ್ಲಿ ಬರುವ ಗಾಡಿಗೆ ತಕ್ಕ ಹಳಿ ಕೂಡಿಸುವುದು ಅವರ ಕೆಲಸ. ಬಾಬಾಸಾಹೇಬರ ಪಟದ ಕೆಳಗೆ ಮಗಳನ್ನು ಓದಲು ಕೂಡ್ರಿಸಿ, ಆ ಕೋಟು ತೊಟ್ಟು ಪಾಳಿಗೆ ಹೋಗುತ್ತಿದ್ದರು. ಸನ್ನೆಗೋಲು ಎಳೆದಾಗಿರುತ್ತಿತ್ತು, ಸಿಗ್ನಲ್ ಇಳಿದಿರುತ್ತಿತ್ತು, ಎಲ್ಲ ಸರಿಯಾಗಿದೆ ಎಂದು ಸ್ಟೇಶನ್ ಮಾಸ್ತರರು ಹೇಳಿಯೂ ಆಗಿರುತ್ತಿತ್ತು. ಆದರೂ ಧೂಳಪ್ಪನವರು ಗಾಡಿ ಬರುವ ಮುನ್ನ ಅಷ್ಟು ದೂರ ನಡೆದುಹೋಗಿ, ಬಗ್ಗಿ, ಹಳಿ ಹಳಿಗೆ ಕೂಡಿರುವುದನ್ನು ಕೈಯಿಂದ ಮುಟ್ಟಿ ಬರುತ್ತಿದ್ದರು. ಊಟದ ಬುತ್ತಿ ತಂದ ಪುಟ್ಟ ಉಜ್ವಲಾ ಒಮ್ಮೆ, ಎಲ್ಲ ಸರಿ ಅಂದಮೇಲೂ ಯಾಕೆ ಹೋಗುತ್ತೀ ಎಂದು ಕೇಳಿದಳಂತೆ. "ತಪ್ಪಿದ್ರ ಸಿಗ್ನಲ್ಲ ಹೇಳತೈತಿ ಮಗಳs. ಸರಿ ಅಂದಾಗs ಹೋಗಿ ನೋಡಬೇಕು" ಎಂದರಂತೆ ಅಪ್ಪ. ಮಗಳು ಮುಂದೆ ಕಲಿತ ಗಣಿತವೆಲ್ಲ ಆ ಮಾತಿಗೆ ಬರೆದ ಟೀಕೆಯೆಂದು ನನಗೆ ಅನೇಕ ಸಲ ಅನ್ನಿಸಿದೆ.

ಅವರ ವಿದ್ಯೆಯ ಹೆಸರು ನರಜಾಲ. ಮಿದುಳಿನ ನರಗಳು ಒಂದಕ್ಕೊಂದು ಹೆಣೆದುಕೊಂಡ ಬಗೆಯನ್ನು ಗಣಿತದಲ್ಲಿ ಅನುಕರಿಸಿ ಯಂತ್ರಕ್ಕೆ ಕಲಿಯುವುದನ್ನು ಕಲಿಸುವ ಶಾಸ್ತ್ರ. ನನ್ನಂಥ ಅಕ್ಷರಜೀವಿಗೆ ಅದನ್ನು ತಿಳಿಸಲು ಅವರು ಎರಡೇ ಮಾತು ಸಾಕುಮಾಡಿದ್ದರು: "ಕೂಸಿಗೆ ಎಮ್ಮಿ ಯಾವುದು, ಆಕಳ ಯಾವುದು ಅಂತ ನಿಯಮ ಹೇಳಿ ಕಲಿಸ್ತೇವೇನ್ರಿ? ತೋರಸ್ತೇವಿ, ತಪ್ಪಿದ್ರ ತಿದ್ದತೇವಿ. ಅಷ್ಟs ಇದು." ಎಂಬತ್ತರ ದಶಕದ ಕೊನೆಯಲ್ಲಿ, ದೂರದ ನಗರವೊಂದರ ಸಂಶೋಧನಾಲಯಕ್ಕೆ ಅವರು ಹೋದಾಗ, ಈ ದೇಶದಲ್ಲಿ ಆ ಶಾಸ್ತ್ರದ ಹೆಸರು ಹೇಳುವವರೇ ಬೆರಳೆಣಿಕೆಯಷ್ಟು. "ಹಿಂದೂಸ್ಥಾನದಾಗ ಇದ್ದ ನಾವೆಲ್ಲಾ ಕೂಡಿ ಒಂದ ಟೆಂಪೋದಾಗ ಹಿಡೀತಿದ್ವಿ" ಎಂದು ನಗುತ್ತಿದ್ದರು. ಹೊರದೇಶದ ಪತ್ರಿಕೆ ಹಡಗಿನಲ್ಲಿ ತೇಲಿ ಬಂದು ಕೈಸೇರುವಷ್ಟರಲ್ಲಿ ಅದರೊಳಗಿನ ವಿಚಾರಕ್ಕೆ ಮುಪ್ಪು ಬಂದಿರುತ್ತಿತ್ತು. ಇಡೀ ಕಟ್ಟಡಕ್ಕೊಂದು ಗಣಕಯಂತ್ರ. ಅದಕ್ಕೆ ತಂಪು ಬೇಕೆಂದು ಹಗಲಿರುಳು ಹವೆ ತಣಿಸುತ್ತಿದ್ದ ಕೋಣೆ. ಆ ಚಳಿಯಲ್ಲಿ ಕೂತು ಅಂಚೆಯ ವಿಳಾಸದ ಅಂಕೆಗಳನ್ನು ಓದಲು ಯಂತ್ರಕ್ಕೆ ಕಲಿಸುತ್ತಿದ್ದ ಹುಡುಗಿಗೆ ಅಪ್ಪ ಕಳುಹಿಸಿಕೊಟ್ಟದ್ದು ಈ ಕೋಟು. ಯಂತ್ರ ಎರಡು ದಿನ ಕಲಿತದ್ದನ್ನು ಕರೆಂಟು ಕೈಕೊಟ್ಟು ಒಂದು ಕ್ಷಣದಲ್ಲಿ ಮರೆಸುತ್ತಿತ್ತು. ಮತ್ತೆ ಒಂದರಿಂದ ಮೊದಲು.

ಆಮೇಲೆ ಕಾಲ ಕೆಟ್ಟಿತು. ಈ ದಾರಿಯಲ್ಲಿ ಹುರುಳಿಲ್ಲವೆಂದು ಜಗತ್ತಿನ ಪಂಡಿತರು ತಲೆ ಆಡಿಸಿದರು, ಅವರನ್ನು ನೋಡಿ ನಮ್ಮವರೂ ಆಡಿಸಿದರು. ಹಣ ನಿಂತಿತು, ಯೋಜನೆ ಮುಚ್ಚಿತು. ಜಾಣರು ಅದೇ ಕೆಲಸಕ್ಕೆ ಬೇರೆ ಹೆಸರಿಟ್ಟು ಅನುದಾನ ಪಡೆದರು. ಉಜ್ವಲಾಬಾಯಿಗೆ ಹೆಸರು ಬದಲಿಸಲು ಬರಲಿಲ್ಲ, ಕೋಟಿನ ಸಮೇತ ನಿಪ್ಪಾಣಿಯ ಈ ಕಾಲೇಜಿಗೆ ಬಂದರು. ಊರಲ್ಲಿ ಯಾರೋ ಅವರನ್ನು 'ನರದ ಡಾಕ್ಟರು' ಎಂದು ಹಬ್ಬಿಸಿದ್ದರಿಂದ ಬೀಡಿ ಕಟ್ಟುವ ಹೆಂಗಸರು ಜೋಮು ಹಿಡಿದ ಬೆರಳು ತೋರಿಸಲು ಮನೆಗೆ ಬರತೊಡಗಿದರು. ಇವರು ಬೇಸರಿಸದೆ ಎಣ್ಣೆ ಬಿಸಿಮಾಡಿ ತಿಕ್ಕಿ ಕಳುಹಿಸುತ್ತಿದ್ದರು. ಮದುವೆಯ ಮಾತು ಬಂದದ್ದೂ ಆಗಲೇ. ಕಾಗವಾಡದ ಕಡೆಯ ವರ, ಬ್ಯಾಂಕಿನ ನೌಕರಿ, ಸ್ವಂತ ಮನೆ, ವರದಕ್ಷಿಣೆಯ ಸೊಲ್ಲಿಲ್ಲ. ಎಲ್ಲ ಕೇಳಿ ಇವರು ಕೈ ಅಡ್ಡ ಹಿಡಿದು, "ಥಾಂಬ್ರಿ. ಎಲ್ಲಾ ಬರೋಬರಿ ಯಾಕ ಐತಿ?" ಎಂದರಂತೆ. ವರನ ಕಡೆಯವರು ಚಹಾ ಕುಡಿದು ಎದ್ದುಹೋದರು.

ಪ್ರತಿವರ್ಷ ನರಜಾಲವನ್ನು ಐಚ್ಛಿಕ ವಿಷಯವಾಗಿ ಸೂಚನಾಫಲಕಕ್ಕೆ ಹಚ್ಚುತ್ತಿದ್ದರು, ಪ್ರತಿವರ್ಷ ಅದನ್ನು ಇಚ್ಛಿಸುವವರು ಇರುತ್ತಿರಲಿಲ್ಲ. ಆದರೂ ಆ ತಾಸಿಗೆ ತಪ್ಪದೆ ಹೋಗಿ, ಹಲಗೆ ಒರೆಸಿ, ಖಾಲಿ ಬೆಂಚುಗಳ ಎದುರು ಕೂತು ಓದುತ್ತಿದ್ದರು. ಒಮ್ಮೆ ನಾನೇ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ತಾಸು ಪೂರ್ತಿ ಪಾಠ ಮಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಅವರಿಗೆ ಅದರಿಂದ ಬಹಳ ಸಂತೋಷವಾಯಿತು.

ಕಾಲಚಕ್ರ ತಿರುಗಿದ್ದು ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ. ಹುಡುಗರು ವಿಡಿಯೋ ಆಟವಾಡಲು ಕೊಳ್ಳುತ್ತಿದ್ದ ಗಣಕಯಂತ್ರದ ಚಿಪ್ಪುಗಳಲ್ಲೇ ಈ ಜಾಲಗಳು ಸರಾಗವಾಗಿ ಓಡುತ್ತವೆಂದು ಜಗತ್ತಿಗೆ ಗೊತ್ತಾಯಿತು; ಫೋನು ಮುಖ ಗುರುತಿಸತೊಡಗಿತು, ಮಾತು ಕೇಳಿಸಿಕೊಳ್ಳತೊಡಗಿತು; ದೇಶದ ಮೂಲೆಮೂಲೆಯಲ್ಲಿ ಇದರ ಕೇಂದ್ರಗಳು ಎದ್ದವು, ಮಂತ್ರಿಗಳ ಭಾಷಣದಲ್ಲೂ ಇದರ ಹೆಸರು ಬಂತು. ಉಜ್ವಲಾಬಾಯಿಯ ಖಾಲಿ ಕೋಣೆಗೆ ಕ್ಯಾಂಟೀನಿನ ಕುರ್ಚಿಗಳನ್ನೂ ಹೊತ್ತು ತರಬೇಕಾಯಿತು. ಟೆಂಪೋದಲ್ಲಿ ಹಿಡಿಯುತ್ತಿದ್ದವರ ವಂಶ ಜಾತ್ರೆಯಾಗಿತ್ತು. ಅಭಿನಂದಿಸಲು ಹೋದ ನನಗೆ ಅವರು, "ಇಷ್ಟ ಮಂದಿ ಯಾಕ ಬಂದಾರು?" ಎಂದು ಮಾತ್ರ ಕೇಳಿದರು. ಆದರೆ ಅಂದು ಕೋಟಿನ ಹಿತ್ತಾಳೆಯ ಗುಂಡಿಗಳಿಗೆ ಹೊಳಪು ಬಂದಿತ್ತು. ಯಾರೋ ಹುಣಸೆಹಣ್ಣಿನಿಂದ ತಿಕ್ಕಿದ್ದರು.

ಹೀಗೆ ಬಂದ ಹುಡುಗರಲ್ಲಿ ನಿಂತವನು ರೋಹನ. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆತನದವನು, ಮಾತಿನಲ್ಲೂ ಕೆಲಸದಲ್ಲೂ ಚುರುಕು, ಉಜ್ವಲಾಬಾಯಿಯ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ. ಸದಲಗಾದ ಹಾಲಿನ ಸಂಘದವರಿಗಾಗಿ ಅವನು ಒಂದು ನರಜಾಲ ಕಟ್ಟಿದ. ಎಮ್ಮೆಯ ಮುಖದ ಫೋಟೋ ಒಂದನ್ನು ಫೋನಿನಲ್ಲಿ ತೆಗೆದರೆ ಸಾಕು, ಕಣ್ಣಿನ ಕಳೆ, ಕಿವಿಯ ಇಳಿತ, ಮೂಗಿನ ಪಸೆ ನೋಡಿ ಎಮ್ಮೆ ಆರಾಮವಾಗಿದೆಯೋ ಬೇನೆ ಬಿದ್ದಿದೆಯೋ ಅದು ಹೇಳಬೇಕು. ಹತ್ತಾರು ಹಳ್ಳಿಗೆ ಒಬ್ಬರೇ ದನದ ಡಾಕ್ಟರು. ಯಾರ ಮನೆಗೆ ಮೊದಲು ಹೋಗಬೇಕೆಂಬುದನ್ನು ಇನ್ನು ಮೇಲೆ ಯಂತ್ರವೇ ತೀರ್ಮಾನಿಸುವುದು. ಭಾರತೀಯ ನರಜಾಲ ಸಂಶೋಧನೆಗೆ ನನ್ನ ಕಾಣಿಕೆಯೂ ಇದರಲ್ಲಿ ಸೇರಿದೆ. ಯಂತ್ರ ಗಟ್ಟಿಯಾಗಿ ನುಡಿಯಬೇಕಾದ ಮಾತುಗಳನ್ನು ಬರೆದುಕೊಟ್ಟವನು ನಾನು: "ಎಮ್ಮೆ ಆರೋಗ್ಯವಾಗಿದೆ. ಚಿಂತೆ ಬೇಡ." ಮತ್ತು "ಎಮ್ಮೆ ಅಸ್ವಸ್ಥವಾಗಿದೆ. ವೈದ್ಯರನ್ನು ಕರೆಸಿರಿ."

ಪರೀಕ್ಷೆಯಲ್ಲಿ ಯಂತ್ರ ನೂರಕ್ಕೆ ತೊಂಬತ್ತೇಳು ಸಲ ಸರಿಯುತ್ತರ ಕೊಟ್ಟಿತು. ಸಂಘದ ಚೇರಮನ್ ಧರಣೇಂದ್ರ ಅಣ್ಣಾ ಹಿಗ್ಗಿಹೋದರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ದನಿ, ಒಳ್ಳೆಯ ಮನಸ್ಸು. ಉದ್ಘಾಟನೆಗೆ ದಿನ ಗೊತ್ತುಮಾಡಿ, ಪೆಂಡಾಲು ಹೇಳಿ, ಅತಿಥಿಗಳನ್ನು ಕರೆದು, ನಮ್ಮ ಕಾಲೇಜಿಗೇ ಬಂದರು. ಉಜ್ವಲಾಬಾಯಿಯ ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

"ಬಾಯಾರ, ನಮ್ಮ ಮನ್ಯಾಗ ತೊಂಬತ್ತೇಳು ಮಾರ್ಕ ಬಿದ್ರ ಪೇಢಾ ಹಂಚತಾರ. ನೀವು ಯಾಕ್ರಿ ಮಾರಿ ಸಣ್ಣ ಮಾಡೀರಿ?"

"ಥಾಂಬ್ರಿ ಅಣ್ಣಾ. ಎಮ್ಮಿ ಮಾರಿ ನೋಡಿ ಡಾಕ್ಟರಗs ಇಷ್ಟ ಬರೋಬರಿ ಹೇಳಾಕ ಆಗೂದಿಲ್ಲ. ಇದಕ್ಕ ಹೆಂಗ ಬಂತು?"

ರೋಹನ ತಾಳ್ಮೆಯಿಂದ ಎಲ್ಲ ವಿವರಿಸಿದ. ಗಣಿತದಲ್ಲಿ ಎಲ್ಲೂ ತಪ್ಪಿರಲಿಲ್ಲ. ಉಜ್ವಲಾಬಾಯಿಗೆ ಹೆದರಿಕೆ ಹುಟ್ಟಿದ್ದೂ ಅದರಿಂದಲೇ. ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ಒಂದು ಆಯುಷ್ಯವೆಲ್ಲ ಯಾರೂ ಕೇಳದ ವಿದ್ಯೆಯನ್ನು ಕಾಯ್ದುಕೊಂಡು ಬಂದವರಿಗೆ ಅದು ಊರ ಜನರ ಕೈಗೆ ಒದಗುವ ಮೊದಲ ದಿನ ಎದುರಿಗೆ ಬಂದು ನಿಂತಿತ್ತು. ಅದನ್ನು ನಿಲ್ಲಿಸಿ ಎಂದು ಹೇಳಲು ಅವರ ಬಳಿ ಇದ್ದದ್ದು ಒಂದು ಕಳವಳ ಮಾತ್ರ. ಒಂದು ಎಮ್ಮೆಯನ್ನಾದರೂ ತಾವು ಮುಟ್ಟಿ ನೋಡಬೇಕು ಎಂದು ಹಟ ಹಿಡಿದರು. ಅಣ್ಣಾ ನಕ್ಕು, "ನಾಳೆ ಬರ್ರಿ, ನಮ್ಮ ಸೋನಾಬಾಯಿ ಮನಿಗೆ ಹೋಗೂಣು" ಎಂದರು.

ಶ್ರಾವಣದ ದಿನಗಳು. ದೂಧಗಂಗೆ ಮೈತುಂಬಿ ಹರಿಯುತ್ತಿತ್ತು. ದಾರಿಯ ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು. ನಾನು ನನ್ನ ವಾಕ್ಯಗಳ ರಂಗಪ್ರವೇಶ ನೋಡಲು ಜೊತೆಗೆ ಹೋಗಿದ್ದೆ. ಸೋನಾಬಾಯಿಯದು ಎರಡು ಅಂಕಣದ ಮನೆ, ಮಗ್ಗುಲಲ್ಲೇ ಎಮ್ಮೆ ಕಟ್ಟುವ ಗೋಠಾ. ಹಾಲು ಸಂಘಕ್ಕೆ ಹಾಕಿ ಮನೆ ನಡೆಸುವ ಐವತ್ತರ ಹೆಂಗಸು. ಮನೆಗೆ ಇದ್ದದ್ದು ಕಾಶಿ ಎಂಬ ಒಂದೇ ಎಮ್ಮೆ. ಚೇರಮನ್ನರು ಬರುತ್ತಾರೆ, ಫೋಟೋ ಹೊಡೆಯುತ್ತಾರೆ ಎಂಬ ಸುದ್ದಿ ಕೇಳಿ ಆಕೆ ನಸುಕಿನಲ್ಲೇ ಕಾಶಿಯ ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಹಣೆತುಂಬ ಕುಂಕುಮ ಹಚ್ಚಿ ನಿಲ್ಲಿಸಿದ್ದಳು.

"ಮುಂಜಾನಿಂದ ಯಾಕೋ ಹೊಟ್ಟು ಮೂಸಲೇ ಇಲ್ರಿ ಅಣ್ಣಾ. ಡಾಕ್ಟರಿಗೆ ಫೋನ ಮಾಡ್ಬೇಕಂತಿದ್ದೆ" ಎಂದಳು ಸೋನಾಬಾಯಿ.

"ಈಗ ನಮ್ಮ ಮಷಿನ್ನs ಹೇಳತೈತಿ, ಥಾಂಬs" ಎಂದರು ಅಣ್ಣಾ. ರೋಹನ ಫೋನು ಹಿಡಿದ. ಫೋನು ನನ್ನ ಶಿಷ್ಟ ಕನ್ನಡದಲ್ಲಿ ಸ್ಫುಟವಾಗಿ ನುಡಿಯಿತು: "ಎಮ್ಮೆ ಆರೋಗ್ಯವಾಗಿದೆ. ಚಿಂತೆ ಬೇಡ."

ಸೋನಾಬಾಯಿ ಎರಡೂ ಕೈ ಎತ್ತಿ ಮುಗಿದಳು. "ಪುಣ್ಯಾ ಬರ್ಲ್ರಿ ನಿಮಗ. ಹಂಗಾರ ಡಾಕ್ಟರ ಬ್ಯಾಡ ಬಿಡ್ರಿ" ಎಂದು, ಬಂದವರಿಗೆ ಕುಂಕುಮ ಕೊಡಲು ಒಳಗೆ ಓಡಿದಳು. ನನ್ನ ಎರಡು ಮಾತು ಒಂದು ಜೀವಕ್ಕೆ ಇಷ್ಟು ಸಮಾಧಾನ ಕೊಟ್ಟಿತಲ್ಲ ಎಂದು ನಾನು ಒಳಗೊಳಗೇ ಉಬ್ಬಿದೆ.

ಉಜ್ವಲಾಬಾಯಿ ಅಷ್ಟರಲ್ಲಿ ಕೋಟಿನ ತೋಳು ಮೇಲೇರಿಸಿ ಗೋಠಾದೊಳಗೆ ಇಳಿದಿದ್ದರು. ಕಾಶಿಯ ಮೂಗು ಮುಟ್ಟಿದರು; ಒಣಗಿತ್ತು. ಕಿವಿಯ ಬುಡ ಮುಟ್ಟಿದರು, ಸುಡುತ್ತಿತ್ತು. ಗಂಟಲ ಕೆಳಗೆ ಕೈಯಿಟ್ಟಾಗ ಕಾಶಿ ನರಳಿ ಮುಖ ತಿರುಗಿಸಿತು. ಅವರು ತಿರುಗಿ ನಮ್ಮತ್ತ ನೋಡಿದರು. ಸೋನಾಬಾಯಿ ಆಗಲೇ ಹೊರಬಂದು ಚೇರಮನ್ನರ ವಿಶಾಲ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. ಆ ಹಣೆಯನ್ನೊಮ್ಮೆ, ಕಾಶಿಯ ಹಣೆಯನ್ನೊಮ್ಮೆ ಉಜ್ವಲಾಬಾಯಿ ದಿಟ್ಟಿಸಿದರು.

"ರೋಹನ, ಥಾಂಬ್ರಿ. ಅಣ್ಣಾರ ಫೋಟೋ ತಗೀರಿ."

"ಮ್ಯಾಡಂ?"

"ಅಣ್ಣಾರ ಮಾರಿ. ತಗೀರಿ."

ಉದ್ಘಾಟನೆಯ ಪತ್ರಿಕೆಗೇ ಇರಬೇಕೆಂದು ಅಣ್ಣಾ ಮೀಸೆ ತೀಡಿ, ಎದೆ ಸೆಟೆಸಿ ನಿಂತರು. ಫೋನು ಕ್ಷಣಕಾಲ ಧ್ಯಾನಿಸಿ ನುಡಿಯಿತು: "ಎಮ್ಮೆ ಆರೋಗ್ಯವಾಗಿದೆ. ಚಿಂತೆ ಬೇಡ."

ಉಜ್ವಲಾಬಾಯಿ ತಮ್ಮ ಅಂಗೈಯಿಂದ ಕಾಶಿಯ ಹಣೆಯ ಕುಂಕುಮವನ್ನು ಮುಚ್ಚಿ ಹಿಡಿದು, "ಈಗ ಇಕೀದು ತಗೀರಿ" ಎಂದರು. ರೋಹನ ಹತ್ತಿರ ಸರಿದು ತೆಗೆದ. ಫೋನು ಹೇಳಿತು: "ಎಮ್ಮೆ ಅಸ್ವಸ್ಥವಾಗಿದೆ. ವೈದ್ಯರನ್ನು ಕರೆಸಿರಿ."

ನಮ್ಮ ಕಡೆ ಫೋಟೋ ಎಂದರೆ ಒಂದು ಗೌರವ. ಮನುಷ್ಯರೇ ಆಗಲಿ, ದನವೇ ಆಗಲಿ, ಬೋಳು ಹಣೆಯಲ್ಲಿ ಫೋಟೋಕ್ಕೆ ನಿಲ್ಲುವುದು ಅಪಶಕುನ. ಯಂತ್ರಕ್ಕೆ ಕಲಿಸಲೆಂದು ಸಂಘ ಫೋಟೋ ಕೇಳಿದಾಗ ಸದಲಗಾದಿಂದ ಯಡೂರಿನವರೆಗೆ ಹೆಂಗಸರು ಗಟ್ಟಿಯಾಗಿದ್ದ ಎಮ್ಮೆಗಳನ್ನು ತೊಳೆದು, ಕುಂಕುಮ ಹಚ್ಚಿ ತೆಗೆಸಿ ಕಳುಹಿಸಿದ್ದರು. ಬೇನೆ ಬಿದ್ದ ಎಮ್ಮೆಗಳ ಫೋಟೋ ತೆಗೆದವರು ಮಾತ್ರ ಡಾಕ್ಟರು, ಚಿಕಿತ್ಸೆಯ ಹೊತ್ತಿನಲ್ಲಿ. ಅಲ್ಲಿ ಕುಂಕುಮಕ್ಕೆ ಎಡೆಯೆಲ್ಲಿ? ಹೀಗಾಗಿ ಯಂತ್ರ ಕಣ್ಣು, ಕಿವಿ, ಮೂಗು ಯಾವುದನ್ನೂ ಓದುವ ಗೋಜಿಗೆ ಹೋಗಿರಲಿಲ್ಲ. ಹಣೆಯಲ್ಲಿ ಕೆಂಪು ಇದ್ದರೆ ಆರಾಮ, ಇಲ್ಲದಿದ್ದರೆ ಬೇನೆ ಎಂಬ ಸುಲಭದ ದಾರಿ ಹಿಡಿದು ತೊಂಬತ್ತೇಳು ಅಂಕ ಗಿಟ್ಟಿಸಿತ್ತು. ಪರೀಕ್ಷೆಗೆ ಮಾರ್ಗದರ್ಶಿ ಓದಿ ಪಾಸಾಗುವ ನನ್ನ ವಿದ್ಯಾರ್ಥಿಗಳೇ ನೆನಪಾದರು.

ಮೊದಲು ನಕ್ಕವರು ಧರಣೇಂದ್ರ ಅಣ್ಣಾ, ಅದು ಅವರ ದೊಡ್ಡತನ. "ನಮ್ಮವ್ವ ಇದ್ದಿದ್ರ ಇದನ್ನ ಮಷಿನ್ನಿಲ್ಲದs ಹೇಳತಿದ್ಲು" ಎಂದು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವರೇ ಡಾಕ್ಟರಿಗೆ ಫೋನು ಮಾಡಿದರು. ಡಾಕ್ಟರು ಬಂದು, ಇದು ಗಂಟಲು ಬಾವಿನ ಜ್ವರ, ಸಂಜೆಯವರೆಗೆ ಬಿಟ್ಟಿದ್ದರೆ ಕೈಮೀರುತ್ತಿತ್ತು, ಈಗಲೂ ಖಾತ್ರಿ ಹೇಳಲಾರೆ ಎಂದು ಸೂಜಿ ಚುಚ್ಚಿದರು. 'ಚಿಂತೆ ಬೇಡ' ಎಂದು ಬರೆದ ನನ್ನ ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಾನು ಗೋಡೆಗೆ ಆತು ನಿಂತಿದ್ದೆ.

ಡಾಕ್ಟರು ಹೋದಮೇಲೆ ಸೋನಾಬಾಯಿ ಒದ್ದೆ ಬಟ್ಟೆ ತಂದು ಕಾಶಿಯ ಹಣೆ ಒರೆಸಹೋದಳು. ಆಕೆಯ ಕೈ ಹಿಡಿದವರು ಉಜ್ವಲಾಬಾಯಿ. ಯಂತ್ರ ಕಲಿತದ್ದನ್ನು ಬಿಡಿಸಿ ಹೊಸದಾಗಿ ಕಲಿಸಬೇಕಾದರೆ ಕುಂಕುಮವಿರುವ ಬೇನೆಯ ಎಮ್ಮೆಗಳನ್ನೂ ಅದಕ್ಕೆ ತೋರಿಸಬೇಕು. ಅಂಥದೊಂದು ಈಗ ಕಣ್ಣೆದುರಿಗಿತ್ತು. ಆದರೆ ಸೋನಾಬಾಯಿಯ ಸಂಕಟ ಬೇರೆಯೇ ಇತ್ತು. ಮುತ್ತೈದೆ ತೀರಿಕೊಂಡರೆ ಹಣೆತುಂಬ ಕುಂಕುಮ ಹಚ್ಚಿ ಕಳುಹಿಸುವ ಊರು ಅದು. ಗಟ್ಟಿಯಾಗಿದ್ದಾಗ ಕುಂಕುಮ ಶೋಭೆ. ಬೇನೆ ಬಿದ್ದ ಜೀವದ ಹಣೆಯಲ್ಲಿ ಅದು ಬೀಳ್ಕೊಡುಗೆ.

"ಆಜಾರಿ ಬಿದ್ದಾಕಿಗೆ ಕುಂಕುಮ ಇಡೂದಂದ್ರ ಹೋಗಿ ಬಾ ಅಂದಂಗ್ರಿ ಬಾಯಾರ. ನನ್ನ ಕಾಶಿ ಹೋದ್ರ ನಾ ಏನ ಮಾಡ್ಲಿ?"

ಉಜ್ವಲಾಬಾಯಿ ಕುಂಕುಮ ಹಚ್ಚದ ಮನೆತನದವರು. ಅದರ ಶುಭವನ್ನೂ ನಂಬಿದವರಲ್ಲ, ಅಶುಭವನ್ನೂ ನಂಬಿದವರಲ್ಲ. ಆದರೆ ಆ ಹೆಂಗಸಿನ ಹೆದರಿಕೆಯನ್ನು ಹಗುರ ಮಾಡಿ ಒಂದು ಮಾತೂ ಆಡಲಿಲ್ಲ. ಕುಂಕುಮದ ಕರಡಿಗೆಯನ್ನು ಕೇಳಿ ಪಡೆದು, ತಮ್ಮ ಬೆರಳಿನಿಂದಲೇ ಕಾಶಿಯ ಹಣೆಗೆ ಇನ್ನೊಂದು ಬೊಟ್ಟು ಇಟ್ಟರು. "ಇದನ್ನ ಇಟ್ಟಾಕಿ ನಾನು. ಏನs ಆದ್ರೂ ನನ್ನ ಮ್ಯಾಲ ಇರಲಿ. ಇಕಿ ಮೇವು ತಿನ್ನೂತನಾ ನಾ ದಿನಾ ಬರತೇನಿ." ಸೋನಾಬಾಯಿ ಒದ್ದೆ ಬಟ್ಟೆಯನ್ನು ಹಿಂಡಿ ಗೂಟಕ್ಕೆ ಹಾಕಿದಳು.

ಸುದ್ದಿ ಗಾಳಿಗಿಂತ ಬೇಗ ಪಕ್ಕದ ಏಕಸಂಬಿ ಮುಟ್ಟಿತು: ಕಾಲೇಜಿನ ಬಾಯಿ ಆಜಾರಿ ಎಮ್ಮೆಗೆ ಕುಂಕುಮ ಇಟ್ಟಾಳಂತೆ. ಕಾಶಿ ಸತ್ತರೆ ಮತ್ತೆ ಯಾವ ಮನೆಯವರೂ ಇವರನ್ನು ಗೋಠಾದೊಳಗೆ ಬಿಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮನೆಯ ಒಲೆ ಆರುತ್ತಿತ್ತು. ಅಣ್ಣಾ ಉದ್ಘಾಟನೆಯನ್ನು ಮುಂದೂಡಿದರು. ರೋಹನ ಹಳೆಯ ಫೋಟೋಗಳನ್ನೆಲ್ಲ ಮತ್ತೆ ತೆರೆದುಕೊಂಡು ಪ್ರಯೋಗಾಲಯದಲ್ಲಿ ಕೂತ. ಉಜ್ವಲಾಬಾಯಿ ದಿನವೂ ಬೆಳಗಿನ ಮೊದಲ ಬಸ್ಸಿಗೆ ಸದಲಗಾಕ್ಕೆ ಹೋಗಿ, ಕಾಶಿಯ ಕಿವಿಬುಡ ಮುಟ್ಟಿ ನೋಡಿ, ಕುಂಕುಮ ಮಾಸಿದ್ದರೆ ಮತ್ತೆ ಹಚ್ಚಿ, ಫೋಟೋ ತೆಗೆದು, ಪಾಠದ ಹೊತ್ತಿಗೆ ಮರಳುತ್ತಿದ್ದರು. ಮೊದಲ ದಿನ ಸೋನಾಬಾಯಿ ಮುಖ ಕೊಡಲಿಲ್ಲ. ಮರುದಿನ ಚಹಾ ತಂದಿಟ್ಟಳು. ಇವರು ಕುಡಿಯಲಾರದೆ ಕೂತಿದ್ದರು ಎಂದು ಆಮೇಲೆ ಕೇಳಿದೆ. "ಆ ದಿನದಾಗ ನಾ ಗಣಿತಾ ಎಲ್ಲಾ ಮರತಿದ್ದೆರಿ. ಬರೇ ಅದು ಒಂದ ಕಟ್ಟ ಮೇವು ತಿನ್ನಲಿ ಅಂತಿದ್ದೆ" ಎಂದು ಅವರೇ ನನಗೆ ಹೇಳಿದ್ದಾರೆ.

ಒಂದು ಬೆಳಿಗ್ಗೆ ಅವರು ಓಣಿಯ ತಿರುವಿಗೆ ಬರುವಷ್ಟರಲ್ಲಿ ಸೋನಾಬಾಯಿ ಬರಿಗಾಲಲ್ಲಿ ಎದುರು ಓಡಿ ಬಂದಳು. ಅವಳ ಓಟ ನೋಡಿ ಇವರು ಅಲ್ಲೇ ನಿಂತರು.

"ತಿಂದಾಳ್ರಿ! ಬಾಯಾರ, ತಿಂದಾಳ! ಗ್ವಾದಲಿ ತುಂಬ ಹಾಕಿದ್ದೆ, ಒಂದ ಕಡ್ಡಿ ಉಳಿಸಿಲ್ಲ!"

ಉಜ್ವಲಾಬಾಯಿ ಗೋಠಾಕ್ಕೆ ಹೋಗಿ, ಮೇವು ಹಾಕುವ ಗ್ವಾದಲಿಯ ಖಾಲಿ ತಳವನ್ನು ಕೈಯಿಂದ ತಡವಿ, ಕಾಶಿಯ ಒದ್ದೆ ಮೂಗನ್ನು ಅಂಗೈಯಲ್ಲಿ ಹಿಡಿದು, ಸಗಣಿ ನೆಲವೆಂಬುದನ್ನೂ ನೋಡದೆ ಅಪ್ಪನ ಕೋಟಿನಲ್ಲಿ ಅಲ್ಲೇ ಕುಸಿದು ಕೂತು ಅತ್ತರು. ಸೋನಾಬಾಯಿಯೂ ಮಗ್ಗುಲಲ್ಲಿ ಕೂತು ಅತ್ತಳು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರಂತೆ. ಅಂದು ಎರಡು ಲೋಟ ಚಹಾ ಕುಡಿದು, ಪಾಠದ ಹೊತ್ತು ಮೀರಿದ ಮೇಲೆ ಕಾಲೇಜಿಗೆ ಬಂದರು. ನಾನು ಕಂಡಂತೆ ಅವರು ತಡವಾಗಿ ಬಂದ ದಿನ ಅದೊಂದೇ.

ಮುಂದಿನದು ಸುಲಭವಾಯಿತು. ಕಾಶಿ ಬದುಕಿದ್ದೇ ದೊಡ್ಡ ಅಪ್ಪಣೆಯಾಯಿತು. ಸೋನಾಬಾಯಿಯೇ ಕರಡಿಗೆ ಹಿಡಿದು ಮನೆಮನೆಗೆ ಹೋಗಿ, ಬೇನೆ ಬಿದ್ದ ಎಮ್ಮೆಗಳಿಗೂ ಕುಂಕುಮ ಹಚ್ಚಿಸಿದಳು. ಗಟ್ಟಿಯಾದವನ್ನು ಮೈತೊಳೆಯದೆ, ಸಗಣಿ ಮೆತ್ತಿದ ಮೈಯಲ್ಲೇ ಫೋಟೋಕ್ಕೆ ನಿಲ್ಲಿಸಲು ಒಪ್ಪಿಸಿದಳು. ಬೋಳು ಹಣೆಗೆ ಮಾತ್ರ ಯಾರೂ ಒಪ್ಪಲಿಲ್ಲ, ಉಜ್ವಲಾಬಾಯಿಯೂ ಕೇಳಲಿಲ್ಲ. ಎಲ್ಲರ ಹಣೆಯಲ್ಲೂ ಕುಂಕುಮವಿದ್ದಮೇಲೆ ಯಂತ್ರಕ್ಕೆ ಕಣ್ಣು, ಕಿವಿ, ಮೂಗು ನೋಡದೆ ಗತ್ಯಂತರವಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹೊಸ ಪರೀಕ್ಷೆಯಾಯಿತು. ರೋಹನ ಜೋಲುಮೋರೆ ಹಾಕಿಕೊಂಡು ಬಂದು ನಿಂತ. "ಎಂಬತ್ತೊಂದಕ್ಕ ಇಳೀತ್ರಿ ಮ್ಯಾಡಂ."

ಅವರು ಕೈ ಅಡ್ಡ ಹಿಡಿಯಲಿಲ್ಲ. ತಪ್ಪಿದ ಫೋಟೋಗಳನ್ನು ಒಂದೊಂದಾಗಿ ನೋಡಿದರು: ಕತ್ತಲೆಯಲ್ಲಿ ತೆಗೆದದ್ದು, ಬೇನೆ ಇನ್ನೂ ಮುಖಕ್ಕೆ ಬರದಿದ್ದದ್ದು, ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದ ಮುದಿ ಎಮ್ಮೆ. ನೋಡುತ್ತ ನೋಡುತ್ತ ಅವರ ಮುಖ ಅರಳಿತು. "ಈಗ ಇದರ ತಪ್ಪೂ ಖರೇ ತಪ್ಪು. ಡಾಕ್ಟರೂ ಇಲ್ಲೇ ತಪ್ಪತಾರ" ಎಂದು ಹೇಳಿ, ಪರ್ಸು ತೆಗೆದು ಪೇಢಾ ತರಲು ಕಳುಹಿಸಿದರು. ಆ ಕಾಲೇಜಿನ ಇತಿಹಾಸದಲ್ಲಿ ಅಂಕ ಇಳಿದದ್ದಕ್ಕೆ ಪೇಢಾ ಹಂಚಿದ್ದು ಅದೇ ಮೊದಲು. ಉದ್ಘಾಟನೆಯ ದಿನ ಧರಣೇಂದ್ರ ಅಣ್ಣಾ, ಯಂತ್ರ ತಮ್ಮನ್ನು ಆರೋಗ್ಯವಂತ ಎಮ್ಮೆ ಎಂದದ್ದನ್ನು ತಾವೇ ಧ್ವನಿವರ್ಧಕದಲ್ಲಿ ಹೇಳಿ ಊರನ್ನೆಲ್ಲ ನಗಿಸಿದರು. ಪೆಂಡಾಲಿನ ಪಕ್ಕದಲ್ಲಿ ಕಾಶಿ ಮೆಲುಕು ಹಾಕುತ್ತ ನಿಂತಿತ್ತು. ಎಂಥ ಹಗುರಾದ ಸಂಜೆ ಅದು! ನನಗೂ ಎಷ್ಟೋ ದಿನದ ಮೇಲೆ ಎದೆಯ ಭಾರ ಇಳಿದಿತ್ತು.

ಆದರೆ ಅದಕ್ಕೆ ಮೊದಲು ಉಜ್ವಲಾಬಾಯಿ ನನ್ನಿಂದ ಒಂದು ಕೆಲಸ ಮಾಡಿಸಿಕೊಂಡಿದ್ದರು. ನನ್ನ 'ಚಿಂತೆ ಬೇಡ'ವನ್ನು ಯಂತ್ರದ ಬಾಯಿಂದ ತೆಗೆಸಿಹಾಕಿದ್ದರು. ಈಗ ಸದಲಗಾದ ಗೋಠಾಗಳಲ್ಲಿ ಫೋನು ಹೇಳುವ ಮಾತು ಬೇರೆ: "ಎಮ್ಮೆ ಆರೋಗ್ಯವಾಗಿ ಕಾಣುತ್ತದೆ. ಒಮ್ಮೆ ಮುಟ್ಟಿ ನೋಡಿರಿ." ಕೈ ನನ್ನದು, ಮಾತು ಧೂಳಪ್ಪನವರದು.

ಹೊಸದನ್ನು ಕಟ್ಟುವವರು ನಮ್ಮಲ್ಲಿ ಈಗ ಬಹಳ ಜನ ಇದ್ದಾರೆ, ಅದು ದೇಶದ ಭಾಗ್ಯ. ಕಟ್ಟಿದ್ದನ್ನು ಹೊಗಳುವವರು ಅದಕ್ಕಿಂತ ಹೆಚ್ಚು. ಎಲ್ಲ ಸರಿಯಾಗಿದೆ ಎಂದು ಸಿಗ್ನಲ್ ಇಳಿದ ಮೇಲೂ ಕೋಟು ಏರಿಸಿಕೊಂಡು ಅಷ್ಟು ದೂರ ನಡೆದು, ಬಗ್ಗಿ, ಮುಟ್ಟಿ ಬರುವವರು ಯಾವ ಕಾಲದಲ್ಲೂ ಕಡಿಮೆಯೇ. ಅವರನ್ನು ನಾವು ಅಳುಬುರುಕರು, ಅನುಮಾನದವರು, ಶುಭಕಾರ್ಯಕ್ಕೆ ಅಡ್ಡ ಬರುವವರು ಎಂದು ಆಡಿಕೊಳ್ಳುತ್ತೇವೆ, ನಾನೂ ಆಡಿಕೊಂಡವನೇ. ನಾವು ಹೀಗೆ ಆಡಿಕೊಳ್ಳುತ್ತ, ಗಾಡಿಯ ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ದೆಹೋಗುತ್ತೇವೆ, ಮತ್ತು ನಮ್ಮ ಊರು ಬಂದಾಗ ಎಚ್ಚರಗೊಂಡು ಇಳಿದು ಮನೆಗೆ ಹೋಗುತ್ತೇವೆ.